ಎಂಟನೆಯ ಹೆಸರು

ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು ಹತ್ತು ಜನರ ಮುಂದೆ ಗಟ್ಟಿಯಾಗಿ ಓದುವುದು ಬಹಳ ಸುಲಭವಾದ ಕೆಲಸವೆಂದು ನಾನು ಬಹುಕಾಲ ತಿಳಿದಿದ್ದೆನು. ಅಕ್ಷರ ಬಂದವನಿಗೆ ಅದರಲ್ಲಿ ಕಷ್ಟವೇನಿದೆ? ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಹಾಸನ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಉಪಾಧ್ಯಾಯನಾಗಿದ್ದು, ಅರುವತ್ತು ತುಂಬಿ ಮನೆಯಲ್ಲಿ ಕುಳಿತಿರುವ ನಾನು ಎಷ್ಟು ಪಟ್ಟಿಗಳನ್ನು ಓದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದೇ ಒಂದು ಪಟ್ಟಿ ಮಾತ್ರ ಇಂದಿಗೂ ನನ್ನ ಮನಸ್ಸಿನಲ್ಲಿ ಕುಟುಕುತ್ತಿರುವುದು. ಅದರ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತೇನೆ.

ಅದು 1994ನೆಯ ಇಸವಿ. ಆಗ ನಾನು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆನು. ವ್ಯಾಯಾಮದ ಮೇಷ್ಟರ ಸ್ಥಾನ ತೆರವಾಗಿದ್ದಿತು. ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸುವುದರ ಹೊರತು ಬೇರೆ ವ್ಯಾಯಾಮವನ್ನರಿಯದ ನನಗೆ ಆ ವರ್ಷ ಕಬಡ್ಡಿ ತಂಡದ ಹೊಣೆಯೂ ಬಂದಿತು. ನಿಯಮದ ಪುಸ್ತಕವನ್ನು ಸೂತ್ರಪಾಠದಂತೆ ಓದಿ ಅರ್ಥಮಾಡಿಕೊಂಡೆನು. ಅಂಕಣದಲ್ಲಿ ಆಡುವವರು ಏಳು ಮಂದಿ. ಹೊರಗೆ ಕಾದು ಕುಳಿತಿರುವವರು ಐದು ಮಂದಿ. ಏಳಕ್ಕೂ ಎಂಟಕ್ಕೂ ನಡುವೆ ಇರುವುದು ಒಂದೇ ಸಂಖ್ಯೆಯ ಅಂತರ. ಆ ಅಂತರದ ಆಳವು ಪುಸ್ತಕದಲ್ಲಿರಲಿಲ್ಲ.

ನಮ್ಮ ತಂಡದ ನಾಯಕನು ಹತ್ತನೆಯ ತರಗತಿಯ ಹುಡುಗ. ಎತ್ತರದ ಆಳು, ಮಿತಭಾಷಿ. ಎರಡು ವರ್ಷದಿಂದ ದಾಳಿಗೆ ಹೋಗುವವರಲ್ಲಿ ಅವನೇ ಮೊದಲಿಗನು. ಅಂಕಣದ ಕಲ್ಲು ಆಯುವವನು, ಸುಣ್ಣದ ಗೆರೆ ಎಳೆಯುವವನು, ಆಟದ ಸಾಮಾನಿನ ಕೋಣೆಯ ಬೀಗದ ಕೈ ಇಟ್ಟುಕೊಳ್ಳುವವನು, ಎಲ್ಲವೂ ಅವನೇ. ಆ ವರ್ಷ ಎಂಟನೆಯ ತರಗತಿಗೆ ಹೊಸದಾಗಿ ಬಂದಿದ್ದ ಒಬ್ಬ ಸಣಕಲು ಹುಡುಗನನ್ನು ಕೆರೆಯಂಗಳದಲ್ಲಿ ಆಡುತ್ತಿದ್ದಾಗ ನೋಡಿ, ಕೈಹಿಡಿದು ನನ್ನ ಬಳಿಗೆ ಕರೆತಂದವನೂ ಅವನೇ. "ಸಾರ್, ಇವನ ಕಾಲು ನೋಡಿ" ಎಂದಷ್ಟೇ ಹೇಳಿದನು. ಆ ಕಾಲು ಮಿಂಚಿನಂತೆ ಹರಿಯುತ್ತಿದ್ದಿತು.

ಎರಡು ವಾರಗಳ ಅಭ್ಯಾಸದಲ್ಲಿ ನಾನು ಪ್ರತಿಯೊಬ್ಬನ ದಾಳಿಯನ್ನೂ ಒಂದು ನೋಟುಪುಸ್ತಕದಲ್ಲಿ ಗುರುತುಹಾಕುತ್ತ ಬಂದೆನು. ಹಿರಿಯನು ಇಪ್ಪತ್ತು ಸಲ ಹೋದರೆ ಆರು ಸಲ ಅಂಕ ತಂದನು, ಒಂಬತ್ತು ಸಲ ಸಿಕ್ಕಿಬಿದ್ದನು. ಕಿರಿಯನು ಅಷ್ಟೇ ಸಲ ಹೋಗಿ ಒಂಬತ್ತು ಸಲ ಅಂಕ ತಂದನು, ನಾಲ್ಕು ಸಲ ಮಾತ್ರ ಸಿಕ್ಕಿಬಿದ್ದನು. ಹಿರಿಯನು ಹಿಂದಿರುಗುವಾಗ ಎಡಗಾಲನ್ನು ತುಸು ಎಳೆಯುತ್ತಿದ್ದುದನ್ನೂ ನಾನು ಕಂಡಿದ್ದೆನು. ಏಕೆಂದು ಕೇಳಲಿಲ್ಲ. ಅಂಕಗಳನ್ನು ಬರೆದುಕೊಂಡೆನು.

ಆ ಕಾಲದಲ್ಲಿ ನಮ್ಮ ಉಪಾಧ್ಯಾಯರ ಕೊಠಡಿಯಲ್ಲಿ ಇಂಥದೇ ಒಂದು ವಾದ ತಿಂಗಳುಗಟ್ಟಲೆ ನಡೆದಿದ್ದಿತು. ಹೆಸರಿನಲ್ಲಿ ನಮ್ಮ ಜಿಲ್ಲೆಯ ಜಾವಗಲ್ಲನ್ನು ಹೊತ್ತ ಶ್ರೀನಾಥರು 1991ರಲ್ಲಿಯೇ ಭಾರತದ ತಂಡಕ್ಕೆ ಸೇರಿ ಆಸ್ಟ್ರೇಲಿಯದಲ್ಲಿ ಟೆಸ್ಟ್ ಆಡಿ ಬಂದಿದ್ದರು. ಆದರೆ ಸ್ವದೇಶದಲ್ಲಿ ಟೆಸ್ಟ್ ಪಂದ್ಯ ನಡೆದಾಗಲೆಲ್ಲ ಅವರಿಗೆ ಹೊರಗೆ ಕೂರುವ ಕೆಲಸವೇ ಆಯಿತು. ನಮ್ಮ ನೆಲದಲ್ಲಿ ಚೆಂಡನ್ನು ತಿರುಗಿಸುವವರಿಗೆ ಪ್ರಾಶಸ್ತ್ಯ; ವೇಗದ ಬೌಲರುಗಳಿಗೆ ಎರಡೇ ಸ್ಥಾನ. ಅವುಗಳಲ್ಲೊಂದು ಕಪಿಲ್ ದೇವರದು. 1983ರಲ್ಲಿ ವಿಶ್ವಕಪ್ಪನ್ನು ತಂದ ನಾಯಕರು ಅವರು; ಹ್ಯಾಡ್ಲಿಯವರ 431 ವಿಕೆಟ್ಟುಗಳ ದಾಖಲೆಯ ಸಮೀಪಕ್ಕೆ ಬಂದಿದ್ದರು. 1994ರ ಫೆಬ್ರುವರಿ 8ರಂದು ಅಹಮದಾಬಾದಿನಲ್ಲಿ ಆ ದಾಖಲೆಯನ್ನು ದಾಟಿದರು. ನಮ್ಮ ಗಣಿತದ ಮೇಷ್ಟರು, "ದೇಶಕ್ಕಾಗಿ ಹದಿನೈದು ವರ್ಷ ಓಡಿದವನಿಗೆ ನಾಲ್ಕು ವಿಕೆಟ್ಟಿನಷ್ಟು ದಯೆ ತೋರಿಸಬಾರದೇ?" ಎನ್ನುತ್ತಿದ್ದರು. ವಿಜ್ಞಾನದವರು, "ಇಪ್ಪತ್ತು ದಾಟಿದ ಹುಡುಗನ ತೋಳಿನ ವೇಗ ಕಾಯುತ್ತ ಕೂರುತ್ತದೆಯೇ?" ಎಂದು ಮರುನುಡಿಯುತ್ತಿದ್ದರು. ನಾನು ಎಂದೂ ವಿಜ್ಞಾನದವರ ಪಕ್ಷ. ಪಟ್ಟವು ಯೋಗ್ಯತೆಗೆ ಸಲ್ಲಬೇಕು, ವಯಸ್ಸಿಗಲ್ಲ ಎಂಬುದು ನನ್ನ ಸಿದ್ಧಾಂತ. ರೇಡಿಯೋ ಪಕ್ಕದಲ್ಲಿ ಕುಳಿತು ಇಂಥ ಸಿದ್ಧಾಂತವನ್ನು ಹಿಡಿಯುವುದು ಎಷ್ಟು ಹಗುರವೆಂಬುದು ನನಗೆ ಆಮೇಲೆ ತಿಳಿಯಿತು.

ತಾಲ್ಲೂಕು ಮಟ್ಟದ ಪಂದ್ಯಕ್ಕೆ ನಾಲ್ಕು ದಿನವಿರುವಾಗ, ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ, ಇಡೀ ಶಾಲೆಯ ಮುಂದೆ ನಾನು ಪಟ್ಟಿಯನ್ನು ಓದಿದೆನು. ಮೊದಲನೆಯ ಹೆಸರು ತನ್ನದೇ ಎಂಬ ಭರವಸೆಯಿಂದ ಹಿರಿಯನು ಸಾಲಿನಿಂದ ಅರ್ಧ ಹೆಜ್ಜೆ ಮುಂದಕ್ಕೆ ಬಂದಿದ್ದನು. ಮೊದಲನೆಯದಾಗಿ ನಾನು ಓದಿದ್ದು ಕಿರಿಯನ ಹೆಸರು. ಏಳು ಹೆಸರುಗಳು ಮುಗಿದುವು. "ಇನ್ನು ಕಾದಿರುವವರು" ಎಂದು ಹೇಳಿ ಎಂಟನೆಯ ಹೆಸರನ್ನು ಓದಿದೆನು. ಅದು ಅವನದು. ಮುಂದಿಟ್ಟಿದ್ದ ಅರ್ಧ ಹೆಜ್ಜೆಯನ್ನು ಅವನು ಹಿಂದಕ್ಕೆ ತೆಗೆದುಕೊಂಡುದನ್ನು ನಾನು ನೋಡಿದೆನು. ಹೆಣ್ಣುಮಕ್ಕಳ ಸಾಲಿನಲ್ಲಿ ಯಾರೋ ನಕ್ಕರು. ಸಂಜೆ ಅವನು ಬಂದು, "ಸಾರ್, ಬೀಗದ ಕೈ" ಎಂದು ಮೇಜಿನ ಮೇಲಿಟ್ಟು ಹೊರಟುಹೋದನು. ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ರಥಾತಿರಥರ ಎಣಿಕೆಯೆಂಬ ಒಂದು ಭಾಗವಿದೆ. ಯುದ್ಧಕ್ಕೆ ಮೊದಲು ಭೀಷ್ಮನು ದುರ್ಯೋಧನನಿಗೆ ಎರಡು ಪಕ್ಷದ ವೀರರನ್ನೂ ತೂಗಿ ಹೇಳುತ್ತಾನೆ: ಇವನು ರಥ, ಇವನು ಅತಿರಥ. ಕರ್ಣನ ಸರದಿ ಬಂದಾಗ ಅವನನ್ನು ಅರ್ಧರಥನೆಂದುಬಿಡುತ್ತಾನೆ. ಅದೂ ಎಲ್ಲರ ಎದುರಿಗೆ. ಕರ್ಣನು ಕೆರಳಿ, ಭೀಷ್ಮನು ಬೀಳುವವರೆಗೆ ತಾನು ಆಯುಧ ಹಿಡಿಯುವುದಿಲ್ಲವೆಂದು ಶಪಥಮಾಡುತ್ತಾನೆ. ಹತ್ತು ದಿನ ಕೌರವರ ಆ ಮಹಾವೀರನು ಯುದ್ಧರಂಗದ ಹೊರಗೆ ಉಳಿದನು. ಈ ಪ್ರಸಂಗವನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೆನು. ಭೀಷ್ಮನ ಎಣಿಕೆ ಸರಿಯೇ ತಪ್ಪೇ ಎಂದು ಚರ್ಚಿಸಿದ್ದೆನು. ಎಣಿಕೆ ಸರಿಯಿದ್ದರೂ ಸಭೆಯಲ್ಲಿ ಓದಿದುದು ತಪ್ಪಾಗಿರಬಹುದೆಂಬುದು ಮಾತ್ರ ಆ ರಾತ್ರಿಯವರೆಗೆ ನನಗೆ ಹೊಳೆದಿರಲಿಲ್ಲ.

ಮರುದಿನ ಬೆಳಗ್ಗೆ ಸೈಕಲ್ ತುಳಿದುಕೊಂಡು ಅವನ ಹಳ್ಳಿಗೆ ಹೋದೆನು. ಆಲೂಗೆಡ್ಡೆ ಕೀಳುವ ಕಾಲ. ಅಂಗಳದ ತುಂಬ ರಾಶಿ. ಅವನ ತಾಯಿ ಕೊಳೆತುದನ್ನು ಆಯ್ದು ಬೇರೆ ಮಾಡುತ್ತಿದ್ದರು. "ಬನ್ನಿ ಮೇಷ್ಟ್ರೇ, ಅವನ ಮಂಡಿ ಊದ್ಕೊಂಡೈತೆ. ಮೂಟೆ ಹೊತ್ತು ತಿಂಗಳಾಯ್ತು. ಯಾರಿಗೂ ಹೇಳಬ್ಯಾಡ ಅಂತಾನೆ. ಹರಳೆಣ್ಣೆ ಹಚ್ಚಿ ಕಟ್ಟಿವ್ನಿ" ಎಂದರು. ನಾನು ಜಗಲಿಯ ಮೇಲೆ ಕುಳಿತೆನು. ಹುಡುಗನು ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತನು. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಕೊನೆಗೆ ಅವನೇ, "ಅವನನ್ನ ಹಾಕಿದ್ದು ಸರಿ ಸಾರ್. ನನಗೂ ಗೊತ್ತಿತ್ತು. ನನಗೆ ಒಂದು ಮಾತು ಮೊದಲೇ ಹೇಳಿದ್ದಿದ್ರೆ, ನಾನೇ ಎಲ್ಲರ ಮುಂದೆ ಅವನ ಹೆಸರು ಹೇಳ್ತಿದ್ದೆ" ಎಂದನು.

ಹದಿನಾರು ವರ್ಷದ ಆ ಬಾಲಕನ ಮುಂದೆ ನನ್ನ ಸಿದ್ಧಾಂತವೆಲ್ಲವೂ ತಲೆತಗ್ಗಿಸಿತು. "ನನ್ನದು ತಪ್ಪಾಯಿತಪ್ಪ" ಎಂದೆನು. ಶಿಷ್ಯನೊಬ್ಬನಿಗೆ ನಾನು ಆ ಮಾತನ್ನು ಹೇಳಿದ್ದು ಅದೇ ಮೊದಲು. ಬೀಗದ ಕೈಯನ್ನು ಜೇಬಿನಿಂದ ತೆಗೆದು, "ಇದು ನಿನ್ನಲ್ಲಿಯೇ ಇರಲಿ" ಎಂದು ಕೊಟ್ಟೆನು. ಅವನು ಸುಮ್ಮನೆ ತೆಗೆದುಕೊಂಡನು. ಅವನ ತಾಯಿ ಕಾಫಿ ಕೊಟ್ಟರು. ಹೊರಡುವಾಗ ಒಂದು ಚೀಲ ಆಲೂಗೆಡ್ಡೆಯನ್ನು ಸೈಕಲ್ಲಿಗೆ ಕಟ್ಟಿದರು.

ಪಂದ್ಯದ ದಿನ ಅವನು ಮಂಡಿಗೆ ಬಟ್ಟೆ ಸುತ್ತಿಕೊಂಡು ಅರಕಲಗೂಡಿಗೆ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತನು. ಮೊದಲನೆಯ ಅರ್ಧದಲ್ಲಿ ನಮ್ಮ ಕಿರಿಯನು ಜನರ ಕೂಗಿಗೆ ಬೆದರಿ ಮೂರು ಸಲ ಸಿಕ್ಕಿಬಿದ್ದನು. ಏಳು ಮಂದಿಯೂ ಔಟಾಗಿ ಎದುರಾಳಿಗೆ ಲೋನಾದ ಎರಡಂಕವೂ ಹೋಯಿತು. ಅವರದು ಹತ್ತೊಂಬತ್ತು, ನಮ್ಮದು ಒಂಬತ್ತು. ವಿರಾಮದಲ್ಲಿ ಆ ಎಳೆಯನು ಮೊಣಕಾಲಿನ ನಡುವೆ ತಲೆಯಿಟ್ಟು ಅಳುತ್ತಿದ್ದನು. ಅಭಿಮನ್ಯುವನ್ನು ವ್ಯೂಹದೊಳಕ್ಕೆ ಕಳುಹಿಸಿದವರು ಹಿರಿಯರೇ ಎಂಬುದು ನನಗೆ ನೆನಪಾಯಿತು. ಹಿರಿಯನ ಹೃದಯವನ್ನು ಮಾತ್ರವಲ್ಲ, ಕಿರಿಯನ ಹೆಗಲನ್ನೂ ನಾನು ನೋಡಿರಲಿಲ್ಲ. ನಾನು ಹಿರಿಯನ ಕಡೆಗೆ ತಿರುಗಿ, "ಹೋಗುತ್ತೀಯಾ?" ಎಂದು ಕೇಳಿದೆನು. ಅವನು ಒಂದು ಕ್ಷಣ ಅಂಕಣವನ್ನು ನೋಡಿದನು. ಅದು ಅವನ ಕೊನೆಯ ವರ್ಷ. ಆ ಕ್ಷಣವು ಅವನಿಗೆ ಎಷ್ಟು ದೀರ್ಘವಾಗಿದ್ದಿತೋ ನಾನು ಅರಿಯೆನು. "ಬೇಡ ಸಾರ್, ಅವನೇ ಇರಲಿ. ಎರಡು ಮಾತು ಹೇಳ್ತೀನಿ" ಎಂದು ಕುಂಟುತ್ತ ಎದ್ದುಹೋಗಿ, ಹುಡುಗನ ಬೆನ್ನಿನ ಮೇಲೆ ಕೈಯಿಟ್ಟು ಹೇಳಿದನು: "ಬಲಗಡೆ ಮೂಲೆಯವನು ನೀನು ನೋಡಿದ್ರೆ ನೆಗೀತಾನೆ. ಅವನನ್ನ ನೋಡಬೇಡ. ನಡುವಿನವನನ್ನ ನೋಡ್ತಾ ಅವನನ್ನ ಮುಟ್ಟು."

ಎರಡನೆಯ ಅರ್ಧದಲ್ಲಿ ನಮಗೆ ಹದಿನೇಳು ಅಂಕ ಬಂದುವು. ಅವರಿಗೆ ಒಂಬತ್ತು. ಎರಡು ಅಂಕಗಳಿಂದ ನಾವು ಸೋತೆವು.

ಗೆದ್ದಿದ್ದರೆ ನನ್ನ ಆಯ್ಕೆ ಸರಿಯಾಗಿದ್ದಿತೆಂದು ನಾನು ಇಷ್ಟು ಹೊತ್ತಿಗೆ ಹಲವರಿಗೆ ಹೇಳಿಕೊಂಡು ಬರುತ್ತಿದ್ದೆನೋ ಏನೋ. ಸೋತುದರಿಂದ ಆ ಅವಕಾಶ ತಪ್ಪಿತು. ಮಂಡಿ ಗುಣವಾಗಿದ್ದ ಹಿರಿಯನು ಆ ಎರಡು ಅಂಕಗಳನ್ನು ತರುತ್ತಿದ್ದನೇ? ಯಾರು ಬಲ್ಲರು! ನನಗೆ ನಿಶ್ಚಯವಾಗಿ ತಿಳಿದಿರುವುದು ಇಷ್ಟೇ: ಯಾರನ್ನು ಆಡಿಸಬೇಕೆಂಬುದು ಬುದ್ಧಿಯ ಪ್ರಶ್ನೆ, ಅದರಲ್ಲಿ ತಪ್ಪಿದರೆ ಕ್ಷಮೆಯುಂಟು, ಕೂರಬೇಕಾದವನಿಗೆ ಹೇಗೆ ಹೇಳಬೇಕೆಂಬುದು ಧರ್ಮದ ಪ್ರಶ್ನೆ, ಅದರಲ್ಲಿ ತಪ್ಪುವುದಕ್ಕೆ ಕಾರಣವೇ ಇಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಶ್ರೀನಾಥರು ಮುಂಬಯಿಯಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಸ್ವದೇಶದ ತಮ್ಮ ಮೊದಲನೆಯ ಟೆಸ್ಟ್ ಆಡಿದರು. ವಿಕೆಟ್ಟುಗಳನ್ನು ತೆಗೆದುದಲ್ಲದೆ ಎರಡನೆಯ ಇನ್ನಿಂಗ್ಸಿನಲ್ಲಿ 60 ಓಟಗಳನ್ನೂ ಹೊಡೆದರು. ಕೊನೆಗೆ 67 ಟೆಸ್ಟುಗಳಲ್ಲಿ 236 ವಿಕೆಟ್ಟು ಅವರದಾಯಿತು. ಟೆಸ್ಟಿನಿಂದ ನಿವೃತ್ತರಾದ ಮೇಲೂ 2003ರ ವಿಶ್ವಕಪ್ಪಿಗೆ ನಾಯಕರು ಕರೆದಾಗ ಬಂದು, ಜಹೀರ್ ಖಾನ್, ನೆಹ್ರಾ ಎಂಬ ಕಿರಿಯರೊಡನೆ ಚೆಂಡು ಹಂಚಿಕೊಂಡು ಆಡಿದರು. ಕಾಯುವ ಕಷ್ಟವನ್ನುಂಡವರು ಕಿರಿಯರಿಗೆ ಪಕ್ಕದಲ್ಲಿ ಸ್ಥಳ ಬಿಟ್ಟುದನ್ನು ಕಂಡು ನನಗೆ ಸಂತೋಷವಾಯಿತು.

ಮುಂದೆ ನಾನು ಹೋದ ಶಾಲೆಗಳಲ್ಲೆಲ್ಲ, ನಾಟಕದ ಪಾತ್ರವೇ ಆಗಲಿ ಆಟದ ತಂಡವೇ ಆಗಲಿ, ಪಟ್ಟಿಯನ್ನು ಓದುವ ಹಿಂದಿನ ಸಂಜೆ ಹೆಸರು ಬಿಟ್ಟುಹೋದವನನ್ನು ಒಬ್ಬನನ್ನೇ ಕರೆದು ಮಾತನಾಡುವುದನ್ನು ವ್ರತದಂತೆ ನಡೆಸಿಕೊಂಡು ಬಂದೆನು. ಆದರೆ ಋಣವು ತೀರದೆ ಬಿಡುವುದುಂಟೇ? ನಿವೃತ್ತಿಗೆ ಒಂದು ವರ್ಷ ಮೊದಲು ನನ್ನಿಂದ ಹತ್ತನೆಯ ತರಗತಿಯ ಪಾಠವನ್ನು ತೆಗೆದು ಹೊಸಬರೊಬ್ಬರಿಗೆ ಕೊಟ್ಟರು. ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯನ್ನು ಎಲ್ಲರೊಡನೆ ನಿಂತು ಓದಿದಾಗಲೇ ನನಗೆ ಅದು ತಿಳಿಯಿತು. ಆ ತರುಣನು ನನಗಿಂತ ಚೆನ್ನಾಗಿ ಪಾಠ ಹೇಳುತ್ತಿದ್ದನು. ಅದು ನನಗೂ ಗೊತ್ತಿದ್ದಿತು. ಆದರೂ ಅರ್ಧ ಹೆಜ್ಜೆ ಹಿಂದಕ್ಕೆ ತೆಗೆದುಕೊಳ್ಳುವುದೆಂದರೇನು ಎಂಬುದು ನನ್ನ ಕಾಲಿಗೆ ಅಂದು ಅರ್ಥವಾಯಿತು. ಮನೆಗೆ ಬಂದು ನನ್ನ ಟಿಪ್ಪಣಿಗಳ ಕಟ್ಟನ್ನು ತೆಗೆದು ಧೂಳು ಒರಸಿ, ಮರುದಿನ ಅವರಿಗೆ ಕೊಟ್ಟೆನು. ನನ್ನ ಶಿಷ್ಯನು ಕಲಿಸಿದ ಪಾಠ ಅದು.

ಇದು ಆಟದ ಬಯಲಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತಾಯಂದಿರು ಭಾವಿಸಬಾರದು. ನಲವತ್ತು ವರ್ಷ ಒಲೆಯ ಮುಂದೆ ನಿಂತ ಅತ್ತೆಯ ಕೈಯಿಂದ ಸೌಟು ಸೊಸೆಯ ಕೈಗೆ ಹೋಗುವುದು ಪ್ರತಿಯೊಂದು ಮನೆಯಲ್ಲಿಯೂ ಉಂಟು. ಹೋಗಲೇಬೇಕು. ಆದರೆ "ಅಮ್ಮ, ನಾಳೆಯಿಂದ ನಾನು ಮಾಡಲೇ? ನೀವು ಪಕ್ಕದಲ್ಲಿ ಕುಳಿತು ಉಪ್ಪು ಹುಳಿ ಹೇಳಿ" ಎಂಬ ಮಾತೊಂದು ಮುಂದೆ ಹೋದರೆ, ಸೌಟು ಹಿಂದೆ ತಾನಾಗಿಯೇ ಬರುವುದು. ಭೀಷ್ಮನು ಶರಶಯ್ಯೆಯಲ್ಲಿದ್ದಾಗ ಕರ್ಣನು ಒಬ್ಬನೇ ಬಂದನು. ಮುದುಕನು ಒಂದು ಕೈಯಿಂದ ಅವನನ್ನು ತಬ್ಬಿ, ನಿನ್ನ ಶೌರ್ಯವನ್ನು ನಾನು ಬಲ್ಲೆನೆಂದನು. ಹತ್ತು ದಿನ ಮೊದಲೇ ಆ ಮಾತನ್ನು ಏಕಾಂತದಲ್ಲಿ ಆಡಿದ್ದರೆ!

ಈಚೆಗೆ ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ಒಬ್ಬ ಗೃಹಸ್ಥನು ಬಂದು ಕಾಲಿಗೆ ನಮಸ್ಕಾರ ಮಾಡಿದನು. ತಲೆಯಲ್ಲಿ ನರೆ, ಎಡಗಾಲನ್ನು ತುಸು ಎಳೆಯುತ್ತಿದ್ದನು. ಗುರುತು ಹಿಡಿದೆನು. ಬೆಳೆ, ಮಕ್ಕಳು, ಮಳೆ ಎಲ್ಲವನ್ನೂ ಮಾತನಾಡಿದೆವು. ಆ ಪಂದ್ಯದ ಅಂಕಗಳನ್ನು ನಾನೇ ಎತ್ತಿದೆನು. ಅವನಿಗೆ ನೆನಪಿರಲಿಲ್ಲ. "ನೀವು ಸೈಕಲ್ಲು ತುಳ್ಕೊಂಡು ನಮ್ಮನೆಗೆ ಬಂದಿದ್ರಲ್ಲ ಸಾರ್, ಅದು ನೆನಪೈತೆ" ಎಂದು ನಕ್ಕನು.