ಸೆರಗಿನ ಹಿಂಬದಿ ನೋಡಿ

ಶ್ರಾವಣ ಬಂತೆಂದರೆ ನಮ್ಮ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೂವಿನವರು, ಬಾಳೆಕಂದಿನವರು, ಅರಿಶಿನ ಕುಂಕುಮದವರು ಒಂದು ಕಡೆಯಾದರೆ, ಅಂಗಡಿ ಬಾಗಿಲಲ್ಲಿ ನೇತುಹಾಕಿದ ಸೀರೆಗಳದ್ದೇ ಇನ್ನೊಂದು ಸಂತೆ. ಈಚೆಗೆ ಅವುಗಳ ನಡುವೆ ‘ಕಸೂತಿ ಸೀರೆ’ ಎಂದು ಚೀಟಿ ಹಚ್ಚಿದವೂ ಕಾಣುತ್ತವೆ. ಬೆಲೆ ೧,೫೦೦ ರೂಪಾಯಿ. ಗೋಪುರ, ಆನೆ, ತುಳಸಿಕಟ್ಟೆ ಎಲ್ಲವೂ ಇವೆ. ನೋಡಲು ಚೆನ್ನಾಗಿಯೇ ಇವೆ. ಆದರೆ ಸೋದರಿಯರೇ, ಕೈಯ ಕೆಲಸ ಎಂದುಕೊಂಡು ದುಡ್ಡು ಕೊಡುವ ಮುಂಚೆ ಸೆರಗನ್ನು ತಿರುಗಿಸಿ ಹಿಂಬದಿ ನೋಡಿ. ಅಲ್ಲಿ ಬೇರೆ ಬಣ್ಣದ ದಾರ ಗಿಜಿಗಿಜಿ ಎನ್ನುತ್ತಿದ್ದರೆ, ಕಾಗದದಂಥ ಒರಟು ಬಟ್ಟೆಯ ಚೂರು ಅಂಟಿಕೊಂಡಿದ್ದರೆ ಅದು ಯಂತ್ರದ್ದು.

ನಾನು ತುಮಕೂರಿನವಳು. ಮದುವೆಯಾಗಿ ಬಸವನಗುಡಿಗೆ ಬರುವ ತನಕ ನನಗೆ ಕಸೂತಿ ಎಂದರೆ ಸ್ಕೂಲಿನಲ್ಲಿ ಕಲಿಸಿದ ಚೈನ್ ಸ್ಟಿಚ್, ಲೇಜಿ ಡೇಜಿ ಅಷ್ಟೆ. ನಮ್ಮತ್ತೆ ಧಾರವಾಡದವರು. ಅವರ ಹತ್ತಿರ ಕಲಿಯಲು ಕೂತ ಮೊದಲ ದಿನ, ಚಿತ್ರ ಬರೆದುಕೊಳ್ಳಲು ಪೆನ್ಸಿಲ್ ಬೇಡವೇ ಎಂದು ಕೇಳಿದೆ. “ಗೆರಿ ಹಾಕೂದಿಲ್ಲವಾ, ಎಳಿ ಎಣಸೂದು” ಅಂದರು. ಅದೇ ಕಸೂತಿಯ ಗುಟ್ಟು. ಬಟ್ಟೆಯ ಮೇಲೆ ಗೆರೆಯಿಲ್ಲ, ದಾರಕ್ಕೆ ಗಂಟಿಲ್ಲ. ನೇಯ್ದ ಎಳೆಗಳನ್ನು ಒಂದೊಂದಾಗಿ ಎಣಿಸುತ್ತ ಸೂಜಿ ಹೋಗಬೇಕು.

ಹೊಲಿಗೆ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಯ್ಗೆ, ಮೆಂತೆ. ಗವಂತಿಯಲ್ಲಿ ಸೂಜಿ ಎಳೆ ಹಿಡಿಯುತ್ತ, ಎಳೆ ಬಿಡುತ್ತ ಮುಂದೆ ಹೋಗುತ್ತದೆ. ಹೋದ ದಾರಿಯಲ್ಲೇ ಹಿಂತಿರುಗುವಾಗ ಬಿಟ್ಟ ಜಾಗವನ್ನೆಲ್ಲ ತುಂಬಿಕೊಂಡು ಬರುತ್ತದೆ. ಆಗ ಬಟ್ಟೆಯ ಎರಡು ಮೈಯಲ್ಲೂ ಒಂದೇ ಚಿತ್ರ! ಮುರ್ಗಿಯೂ ಇದೇ ಜಾತಿ, ಆದರೆ ಮೆಟ್ಟಿಲು ಹತ್ತಿದ ಹಾಗೆ ಅಂಕುಡೊಂಕಾಗಿ ಸಾಗುತ್ತದೆ. ನೇಯ್ಗೆ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತೆ ನಮಗೆ ಗೊತ್ತಿರುವ ಕ್ರಾಸ್ ಸ್ಟಿಚ್. ಗವಂತಿಯಲ್ಲಿ ಒಂದು ಎಳೆ ಲೆಕ್ಕ ತಪ್ಪಿತೋ, ಹಿಂತಿರುಗುವ ದಾರಿ ಕೂಡುವುದೇ ಇಲ್ಲ. ಅಲ್ಲಿಯ ತನಕ ಬಿಚ್ಚಲೇಬೇಕು. ರೇಷ್ಮೆಯಂಥ ನಯವಾದ ಬಟ್ಟೆಯಲ್ಲಿ ಎಳೆ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೆ ಮೇಲೊಂದು ಜಾಳಿಗೆ ಬಟ್ಟೆ ಟಾಕಿ, ಅದರ ಕಣ್ಣು ಎಣಿಸಿ ಹೊಲಿದು, ಕೊನೆಗೆ ಜಾಳಿಗೆಯ ಎಳೆಗಳನ್ನು ಒಂದೊಂದೇ ಎಳೆದು ತೆಗೆಯುತ್ತಾರೆ. ಆ ಎಳೆ ತೆಗೆಯುವ ಕೆಲಸವಿದೆಯಲ್ಲ, ಅದು ಹೊಲಿಯುವುದಕ್ಕಿಂತ ಬೇಜಾರು.

ಕಸೂತಿಗೆ ತಕ್ಕ ಸೀರೆ ಇಳಕಲ್ಲಿನದು. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿಯ ತೋಪು ತೆನೆ. ಮದುಮಗಳಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರು, ಅಂಬಾರಿ ಆನೆ ಬರುತ್ತವೆ. ಸೆರಗಿನಿಂದ ದೂರ ಹೋದಂತೆ ಚಿತ್ತಾರ ಸಣ್ಣದಾಗುತ್ತದೆ. ನಮ್ಮತ್ತೆ ಸೀರೆಗಳಿಗಷ್ಟೇ ಅಲ್ಲ, ಬಂಧುಬಳಗದ ಕೂಸುಗಳ ಕುಂಚಿಗೆ, ಕುಲಾಯಿಗೂ ಹಾಕಿ ಕೊಟ್ಟವರು. ಯಾರಿಂದಲೂ ಒಂದು ಕಾಸು ಮುಟ್ಟಿದವರಲ್ಲ.

ನನಗೆ ಮುಟ್ಟಬೇಕಾಗಿ ಬಂತು. ನಮ್ಮವರಿಗೆ ಬಜಾರಿನ ಹತ್ತಿರವೇ ಒಂದು ಸಣ್ಣ ಸ್ಟೇಷನರಿ ಅಂಗಡಿ. ೨೦೨೩ರಲ್ಲಿ ರಸ್ತೆ ಅಗೆದು ಹಾಕಿದ್ದಾಗ ವ್ಯಾಪಾರ ಅರ್ಧಕ್ಕೆ ಇಳಿಯಿತು. ಅದೇ ವರ್ಷ ಮಗಳನ್ನು ಕಾಲೇಜಿಗೆ ಸೇರಿಸಬೇಕಿತ್ತು. ಪರಿಚಯದವರೊಬ್ಬರು ಸೆರಗಿಗೆ ಕಸೂತಿ ಹಾಕಿಕೊಡಿ, ಏನಾಗುತ್ತೋ ಕೊಡ್ತೀನಿ ಅಂದಾಗ ಒಪ್ಪಿಕೊಂಡೆ. ಅತ್ತೆಗೆ ಇದು ಸರಿಬರಲಿಲ್ಲ. “ಕಸೂತಿ ಕೊಡೂದವಾ, ಮಾರೂದಲ್ಲ” ಅಂದರು. “ಅತ್ತೆ, ಆಗ ಮಾವನವರ ಸಂಬಳ ಒಂದನೇ ತಾರೀಕಿಗೆ ಬರ್ತಿತ್ತಲ್ಲ” ಅಂದೆ. ಎರಡು ದಿನ ಅವರು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಟ್ರಂಕಿನಿಂದ ತಮ್ಮ ಮಾದರಿ ಬಟ್ಟೆ ತೆಗೆದು ಮುಂದಿಟ್ಟರು. “ಇದರಾಗಿನ ತೇರು ಹಾಕು. ಮಂದಿ ರೊಕ್ಕಾ ಕೊಡತಾರಂದ್ರ ಛಲೋದ್ದು ಕೊಡಬೇಕು.”

ಆ ಸೆರಗಿಗೆ ಬಂದದ್ದು ೪,೫೦೦ ರೂಪಾಯಿ. ನಾನು ಲೆಕ್ಕದ ಪುಸ್ತಕ ಬರೆದಿಡುವವಳು. ಮಧ್ಯಾಹ್ನ ಪಾತ್ರೆಯೆಲ್ಲ ಮುಗಿದ ಮೇಲೆ ದಿನಕ್ಕೆ ಎರಡೂವರೆ ಗಂಟೆಯಂತೆ ೬೦ ದಿನ, ಅಂದರೆ ೧೫೦ ಗಂಟೆ. ದಾರಕ್ಕೆ ೪೫೦ ಕಳೆದರೆ ಗಂಟೆಗೆ ೨೭ ರೂಪಾಯಿ ಬಿತ್ತು. ಗಾಂಧಿ ಬಜಾರಿನಲ್ಲಿ ಒಂದು ಮಸಾಲೆ ದೋಸೆಗೂ ಸಾಲದು!

ಹಾಗಿದ್ದೂ ಮುಂದಿನ ಸಲ ಕೇಳಲು ಬಂದ ಇನ್ನೊಬ್ಬರು ಆ ರೇಟಿಗೇ ಹುಬ್ಬೇರಿಸಿದರು. “ಅಂಗಡೀಲಿ ಒಂದೂವರೆ ಸಾವಿರಕ್ಕೆ ಸೀರೇನೇ ಸಿಗತ್ತೆ ಕಣ್ರೀ. ನೀವು ಬರೀ ಹೊಲಿಗೆಗೆ ನಾಲ್ಕೂವರೆ ಅಂತೀರಲ್ಲ! ಹೇಗೂ ಮನೇಲೇ ಕೂತು ಮಾಡೋದಲ್ವಾ?”

ಮನೇಲೇ ಕೂತು! ಈ ಮಾತನ್ನು ಗಂಡಸರು ಅಂದಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ. ನಲ್ಲಿ ರಿಪೇರಿಯವನು ಹತ್ತು ನಿಮಿಷಕ್ಕೆ ೪೦೦ ಕೇಳಿದರೆ ನಾವು ಚಕಾರವೆತ್ತದೆ ಕೊಡುತ್ತೇವೆ. ದೀಪಾವಳಿಗೆ ಫುಟ್‌ಪಾತಿನಲ್ಲಿ ಮಣ್ಣಿನ ಹಣತೆ ಹರಡಿಕೊಂಡು ಕೂತ ಅಜ್ಜಿಯ ಹತ್ತಿರ ಮಾತ್ರ ಡಜನ್ನಿಗೆ ಐದು ರೂಪಾಯಿ ಇಳಿಸದೆ ಏಳುವುದಿಲ್ಲ. ಪಕ್ಕದ ಅಂಗಡಿಯ ಪಿಂಗಾಣಿ ದೀಪಕ್ಕೆ ಚೀಟಿಯಲ್ಲಿ ಏನಿದೆಯೋ ಅಷ್ಟು. ಕೈಯಲ್ಲಿ ಮಾಡಿದ್ದಕ್ಕೆ ಚೌಕಾಶಿ, ಯಂತ್ರದ್ದಕ್ಕೆ ಮರ್ಯಾದೆ. ಇದು ಯಾವ ನ್ಯಾಯವೋ!

ನಮ್ಮ ಕಡೆ ಮಾತ್ರ ಹೀಗೇನೂ ಅಲ್ಲ. ಮಗಳು ಫೋನಿನಲ್ಲಿ ಮೆಕ್ಸಿಕೋ ದೇಶದ ಹೆಂಗಸರ ಕೆಲಸ ತೋರಿಸಿದಳು. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ತಮ್ಮ ಸೊಂಟಕ್ಕೆ ಕಟ್ಟಿಕೊಂಡು ನೇಯುತ್ತಾರೆ. ಮೈಯ ಭಾರವೇ ಹಾಸನ್ನು ಬಿಗಿ ಹಿಡಿಯುತ್ತದೆ. ತೆನಾಂಗೊ ಎಂಬ ಕಡೆಯ ಹೆಂಗಸರು ಬಿಳಿ ಬಟ್ಟೆಯ ತುಂಬ ಪ್ರಾಣಿ, ಪಕ್ಷಿ, ಹೂವು ಹೊಲಿಯುತ್ತಾರೆ. ಅಂಥದೇ ಚಿತ್ತಾರವನ್ನು ಹೊರಗಿನ ದೊಡ್ಡ ಫ್ಯಾಶನ್ ಕಂಪೆನಿಯೊಂದು ತನ್ನ ಉಡುಪಿನ ಮೇಲೆ ಬಳಸಿದ್ದಕ್ಕೆ ೨೦೧೯ರಲ್ಲಿ ಅಲ್ಲಿನ ಸಂಸ್ಕೃತಿ ಇಲಾಖೆಯೇ ಕಾಗದ ಬರೆದು, ಇದರಿಂದ ಆ ಊರಿನವರಿಗೆ ಏನು ಸಿಗುತ್ತದೆ ಎಂದು ಕೇಳಿತು. ನಮ್ಮ ಕಸೂತಿಗೂ ೨೦೦೬ರಲ್ಲಿ ಭೌಗೋಳಿಕ ಗುರುತು, ಜಿ.ಐ. ಅಂತಾರಲ್ಲ ಅದು, ಸಿಕ್ಕಿದೆ. ಹೆಸರಿಗೇನೋ ಕಾವಲಾಯಿತು. ಕೂಲಿಯ ಪ್ರಶ್ನೆ ಹಾಗೇ ಉಳಿಯಿತು.

ಯಂತ್ರದ ಸೀರೆ ಉಡಬೇಡಿ ಎಂದು ನಾನು ಹೇಳುವುದಿಲ್ಲ. ದಿನದ ಬಳಕೆಗೆ ೧,೫೦೦ರ ಸೀರೆಯೇ ಅನುಕೂಲ. ಅದನ್ನು ಯಂತ್ರದ್ದು ಎಂದೇ ಮಾರಲಿ, ಯಂತ್ರದ್ದು ಎಂದೇ ಕೊಳ್ಳೋಣ. ನನಗೆ ಬೇಕಾದದ್ದು ಅಷ್ಟೆ.

ನನ್ನ ರೇಟಿಗೆ ಹುಬ್ಬೇರಿಸಿದವರು ಅಂಗಡಿಯ ಸೀರೆಯನ್ನೇ ಕೊಂಡರು. ಗೌರಿಹಬ್ಬದ ಅರಿಶಿನ ಕುಂಕುಮಕ್ಕೆ ಅದನ್ನೇ ಉಟ್ಟು ನಮ್ಮ ಮನೆಗೂ ಬಂದರು. ಅತ್ತೆಗೆ ಈಗ ಕಣ್ಣು ಮಂಜು, ಬೆರಳು ಮಾತ್ರ ಚುರುಕು. ಸೆರಗು ಹಿಡಿದು ಸವರಿ, “ಛಂದ ಅದ” ಅಂದರು. ಆಮೇಲೆ ಮೆಲ್ಲಗೆ, “ಹಿಂದ ಚುಚ್ಚತದೇನವಾ?” ಅಂದರು. ಆಕೆ ನಗುತ್ತ, “ಹೂಂ ಅಜ್ಜಿ, ಒಳಗೆ ತರಚತ್ತೆ” ಎಂದು ಒಪ್ಪಿಕೊಂಡರು. ನಾನೂ ನಕ್ಕೆ. ತಾಂಬೂಲದ ಜೊತೆ ಒಂದು ಖಣದ ತುಂಡೂ ಕೊಟ್ಟೆ.

ಈಗ ಗಂಟೆಗೆ ೬೦ ರೂಪಾಯಿ ಎಂದು ಮೊದಲೇ ಹೇಳಿಬಿಡುತ್ತೇನೆ, ದಾರದ ಖರ್ಚು ಬೇರೆ. ಬಂದವರಿಗೆ ಲೆಕ್ಕದ ಪುಸ್ತಕವನ್ನೇ ತೋರಿಸುತ್ತೇನೆ. ಐದು ಜನ ಕೇಳಿದರೆ ಮೂವರು ನೋಡೋಣ ಎಂದು ಹೋಗುತ್ತಾರೆ. ಮಲ್ಲೇಶ್ವರದಿಂದ ಬಂದ ಮದುಮಗಳ ತಾಯಿಯೊಬ್ಬರು ನನ್ನ ಮಾದರಿಯನ್ನು ತಾವಾಗಿಯೇ ತಿರುವಿ ನೋಡಿ, ಚೌಕಾಶಿಯಿಲ್ಲದೆ ಅರ್ಧ ಮುಂಗಡ ಕೊಟ್ಟು ಹೋದರು. ಚಂದ್ರಕಾಳಿ ಸೀರೆ. ಗೋಪುರ ಮುಗಿದಿದೆ, ತೇರು ಅರ್ಧಕ್ಕೆ ಬಂದಿದೆ. ಕಾರ್ತಿಕದ ಕೊನೆಯ ಸೋಮವಾರ, ಕಡಲೆಕಾಯಿ ಪರಿಷೆಯ ಹೊತ್ತಿಗೆ ಕೊಡಬೇಕು. ಕಪ್ಪು ಬಟ್ಟೆಯಲ್ಲಿ ದೀಪದ ಬೆಳಕಿಗೆ ಎಳೆ ಕಾಣುವುದಿಲ್ಲ, ಅದಕ್ಕೇ ಸಂಜೆ ಅಡಿಗೆಯನ್ನು ಬೆಳಿಗ್ಗೆಯೇ ಮುಗಿಸಿಟ್ಟು ಹಗಲೆಲ್ಲ ಕಿಟಕಿಯ ಹತ್ತಿರ ಕೂತಿರುತ್ತೇನೆ.