ಸೀಮೆಹಸುವಿನ ಜಮಾ-ಖರ್ಚು (ಭಾಗ 3)

ಮಾರಿಕುಪ್ಪಂ ಟ್ರೈನಲ್ಲಿ ಬರೋ ಕ್ಲಾಸ್‌ಮೇಟ್ಸ್‌ಗೆ, ಬಂಗಾರಪೇಟೆ ಸುತ್ತಮುತ್ತಲ ಹಳ್ಳಿಯವರಿಗೆ ಒಂದು ಪ್ರಶ್ನೆ. ನಿಮ್ಮ ಕಾಲೇಜ್ ಫೀಸ್ ಎಲ್ಲಿಂದ ಬರುತ್ತೆ? ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ನಾವು ಹುಟ್ಟೋಕೂ ಮುಂಚೆ. ಈಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಫೀಸ್ ಅಂದ್ರೆ ಡೈರಿ ಬಟವಾಡೆ. ಅದಕ್ಕೇ ಇವತ್ತು ಸೀಮೆಹಸು ಬಗ್ಗೆ ಬರೀತಿದ್ದೀನಿ.

ಬೇಸಿಗೆಯಲ್ಲಿ ಹಾಲು ಕಮ್ಮಿ ಆದ್ರೆ "ಬಿಸಿಲು ಕಣೋ" ಅಂತೀವಿ. ಅದು ಅರ್ಧ ಲೆಕ್ಕ ಅಷ್ಟೇ. ಹಸುವಿನ ಜೀವಕೋಶ ಮೇವಿನಿಂದ ಶಕ್ತಿ ಮಾಡ್ಕೊಳ್ಳುವಾಗ, ಒಲೆ ಉರಿದ್ರೆ ಹೊಗೆ ಬರೋ ಹಾಗೆ, ಫ್ರೀ ರ‍್ಯಾಡಿಕಲ್ಸ್ ಅನ್ನೋ ಕಣಗಳು ಹುಟ್ಟುತ್ತವೆ. ಜಾಸ್ತಿ ಆದ್ರೆ ಜೀವಕೋಶವನ್ನೇ ಕೆಡಿಸ್ತವೆ. ಅವನ್ನ ಅಡಗಿಸೋಕೆ ವಿಟಮಿನ್ ಇ, ಸೆಲೆನಿಯಂ, ಸತು, ತಾಮ್ರ ಬೇಕು. ನಮ್ಮ ಬಿಕಾಂ ಲೆಕ್ಕದಲ್ಲಿ ಹೊಗೆ ಖರ್ಚು, ಇವು ಜಮೆ. ಖರ್ಚು ಜಮೆಯನ್ನ ಮೀರಿದ್ರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್.

ಈಗ ನಮ್ಮ ಏಪ್ರಿಲ್ ನೋಡಿ. ಸೀಮೆಹಸು ತಂಪು ದೇಶದ ತಳಿಯದ್ದು, ಸುಮಾರು 25 ಡಿಗ್ರಿ ದಾಟಿದ್ರೆ ಅದಕ್ಕೆ ಸೆಖೆ ಶುರು. ಮೇಲೆ ಕಾದ ಶೀಟು. ಖರ್ಚು ಏರ್ತು. ಅದೇ ಹೊತ್ತಿಗೆ ಹಸಿಹುಲ್ಲು ಮುಗಿದು ಬರೀ ರಾಗಿಹುಲ್ಲು. ಹಸಿಮೇವಲ್ಲಿರೋ ವಿಟಮಿನ್ ಇ ಒಣಗಿದ ಹುಲ್ಲಲ್ಲಿ ಬಹುಪಾಲು ಉಳಿದಿರಲ್ಲ. ಜಮೆ ಇಳೀತು. ಕರು ಹಾಕೋ ಸಮಯವೂ ಅದೇ ಆದ್ರೆ ಮುಗೀತು ಕಥೆ.

ನಮ್ಮನೇಲಿ ಹೋದ ಬೇಸಿಗೇಲಿ ಹೀಗೇ ಆಯ್ತು. ಕರು ಹಾಕಿ ಒಂದು ದಿನ ಆದ್ರೂ ಕಸ ಬೀಳಲಿಲ್ಲ, ಹಿಂದೆಯೇ ಕೆಚ್ಚಲುಬಾವು. ಎರಡು ಬಟವಾಡೆ ಔಷಧಿಗೇ ಹೋಯ್ತು. ಅಮ್ಮ ಓಲೆ ಅಡ ಇಟ್ಟು ನನ್ನ ಸೆಮಿಸ್ಟರ್ ಫೀಸ್ ಕಟ್ಟಿದ್ರು. ಈ ಕಾಯಿಲೆಗಳಿಗೆ ಬೇರೆ ಕಾರಣಗಳೂ ಇವೆ, ಆದ್ರೆ ಜಮೆ ಖಾಲಿ ಇರೋ ಹಸುಗೆ ಬೇಗ ತಗಲುತ್ತವೆ.

ಏನ್ ಮಾಡ್ಬಹುದು?

👉 ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ. ದಿನವಿಡೀ ನೀರು ಸಿಗಲಿ. ಮೇವು ಬೆಳಗಿನ ಜಾವ ಮತ್ತೆ ರಾತ್ರಿ ಜಾಸ್ತಿ ಹಾಕಿ.

👉 ರಾಗಿಹುಲ್ಲಿನ ಜೊತೆ ಸ್ವಲ್ಪವಾದ್ರೂ ಹಸಿರು ಇರಲಿ: ನುಗ್ಗೆಸೊಪ್ಪು, ಕುದುರೆಮೆಂತೆ, ತೊಟ್ಟಿಯಲ್ಲಿ ಬೆಳೆಸಿದ ಅಜೋಲಾ.

👉 ಕರೆಯೋ ಹಸುಗೆ ಮಿನರಲ್ ಮಿಕ್ಸ್ಚರ್, ದಿನಕ್ಕೆ 50 ಗ್ರಾಂನಷ್ಟು, ಬೂಸಾ ಜೊತೆ. ಹಾಲು ಜಾಸ್ತಿ ಕೊಡೋ ಹಸು ಆದ್ರೆ ಎಷ್ಟು ಅಂತ ಡಾಕ್ಟರ್‌ನ ಕೇಳಿ.

👉 ಕರು ಹಾಕೋ ಮುಂಚೆ ಕೊಡೋ ವಿಟಮಿನ್ ಇ-ಸೆಲೆನಿಯಂ ಇಂಜೆಕ್ಷನ್ ಇದೆ. ಪಶು ವೈದ್ಯರನ್ನ ಕೇಳದೆ ಬೇಡ. ಸೆಲೆನಿಯಂ ಒಂಚೂರು ಹೆಚ್ಚಾದ್ರೂ ವಿಷ.

ನಾವು ಈ ವರ್ಷ ಮೊದಲ ಮೂರೂ ಮಾಡ್ತಿದ್ದೀವಿ. ಹಸು ಮತ್ತೆ ಗಬ್ಬ, ಲೆಕ್ಕ ಬರೆಯೋ ಕೆಲಸ ನಂದು.

ಈ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಕೊಟ್ಟಿಗೇಲಿ ಹತ್ತು ನಿಮಿಷ ನಿಂತು ನೋಡಿ. ಹಸು ಬಾಯಿ ತೆರೆದು ಏದುಸಿರು ಬಿಡ್ತಿದ್ರೆ ಗರಿ ಹೊದಿಸೋಕೆ ಸೋಮವಾರದ ತನಕ ಕಾಯಬೇಡಿ.

ಮುಂದಿನ ಭಾಗ: ಡೈರೀಲಿ ಫ್ಯಾಟ್ ಲೆಕ್ಕ. 🐄

#ಬಂಗಾರಪೇಟೆ #ಕೆಜಿಎಫ್ #ಕೋಲಾರ #ಸೀಮೆಹಸು