ನಾವಿಬ್ಬರೂ ಸೈಕಲ್ ಮ್ಯಾಲೆ ಹಂಪಿಗೆ



ನಾನೂ ನಮ್ಮನೆಯವರೂ 2025ರ ಸಂಕ್ರಾಂತಿಗೆ ಸೈಕಲ್ ಮೇಲೆ ಹಂಪಿಗೆ ಹೋಗಿ ಬಂದ ಸುದ್ದಿ ನಿಮಗೆಲ್ಲಾ ಗೊತ್ತು. "ಖರೇನ ಹೋಗಿದ್ರೇನ್ರೀ ಟೀಚರ್?" ಅಂತ ಇನ್ನೂ ಕೇಳುವವರು ಇದ್ದೀರಿ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಗೋಡೆ ಪತ್ರಿಕೆಯಲ್ಲಿ ಬರೆದರೆ ಎಲ್ಲರೂ ಓದುತ್ತೀರಿ ಎಂದು ಇದನ್ನು ಬರೆಯುತ್ತಿದ್ದೇನೆ.

ಜವಳಗೇರಾದಿಂದ ಸಿಂಧನೂರು, ಕಾರಟಗಿ, ಗಂಗಾವತಿ, ಆನೆಗೊಂದಿ. ಅಲ್ಲಿಂದ ಕಡೆಬಾಗಿಲು ಸೇತುವೆ ಮೇಲೆ ತುಂಗಭದ್ರೆ ದಾಟಿ ಬುಕ್ಕಸಾಗರ, ಆಮೇಲೆ ಹಂಪಿ. ಹೋಗಿ ಬರಲು ಸುಮಾರು ಇನ್ನೂರು ಕಿಲೋಮೀಟರ್, ನಾಲ್ಕು ದಿನ. ದಾರಿ ಬಲು ದೂರ ಅಂತ ಯಾರೂ ಗಾಬರಿಯಾಗಲಿಲ್ಲ. ಸೈಕಲ್ಲು ಎರಡು ಇದ್ದವಲ್ಲ, ಅದಕ್ಕೇ ಎಲ್ಲರೂ ಗಾಬರಿಯಾದರು. ಗಂಡ ತುಳಿಯಬೇಕು, ಹೆಂಡತಿ ಹಿಂದೆ ಕ್ಯಾರಿಯರ್ ಮೇಲೆ ಕೂಡಬೇಕು, ಅದು ನಮ್ಮ ಕಡೆ ಪದ್ಧತಿ. ಕಾರಟಗಿ ಹತ್ತಿರ ಭತ್ತ ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳು ಸೊಂಟ ನೆಟ್ಟಗೆ ಮಾಡಿ ನಿಂತು ಕೂಗಿದರು:

"ಎಲ್ಲಿಗಿ ಹೊಂಟೀಯವ್ವಾ?"

"ಹಂಪಿಗಿ."

"ಗಂಡ ಎಲ್ಲದಾನ?"

"ಹಿಂದ ಬರಾಕತ್ಯಾರ."

"ಹಿಂದ ಬರಾಕತ್ಯಾರಂತ!" ಎಂದು ಅವರು ನಕ್ಕ ನಗು ಕಾಲುವೆ ಆಚೆಗೂ ಕೇಳಿರಬೇಕು. ನಮ್ಮನೆಯವರು ಬಂದಾಗ ಅವರನ್ನೂ ಬಿಡಲಿಲ್ಲವಂತೆ. ಏನು ಅಂದರು ಎಂದು ಕೇಳಿದರೆ ಇವತ್ತಿಗೂ ಹೇಳುವುದಿಲ್ಲ.

ನಾನು ಮುಂದೆ ಇರುವುದು ಮೊದಲ ದಿನ ಮಾಡಿಕೊಂಡ ಕರಾರು. ಸಿಂಧನೂರು ತನಕ ಅವರು ಮುಂದೆ ಹೋಗುವುದು, ಗಿಡದ ಕೆಳಗೆ ನಿಂತು ಕಾಯುವುದು, ನಾನು ಏದುಸಿರು ಬಿಡುತ್ತಾ ಮುಟ್ಟುವಷ್ಟರಲ್ಲಿ ಅವರ ದಣಿವು ಆರಿ ಮತ್ತೆ ಹೊರಡುವುದು. ನನಗೆ ಮಾತ್ರ ವಿಶ್ರಾಂತಿಯೇ ಇಲ್ಲ! ಎತ್ತು ಏರಿಗೆ, ಕೋಣ ನೀರಿಗೆ ಎಂಬ ಹಾಗೆ ಆಗಿತ್ತು. ಅದಕ್ಕೇ ನಿಧಾನ ಹೋಗುವವರು ಮುಂದೆ ಇರಬೇಕು ಅಂದೆ. ಆಮೇಲೆ ಜಗಳ ಬರಲಿಲ್ಲ.

ನನ್ನ ಸೈಕಲ್ ಬಗ್ಗೆಯೂ ಹೇಳಬೇಕು. ಸರ್ಕಾರದವರು 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದರು, ಕೊರೊನಾ ಕಾಲದಲ್ಲಿ ಅದು ನಿಂತಿತು. ನಾನು ತುಳಿದದ್ದು ಆ ಸರ್ಕಾರಿ ಸೈಕಲ್ಲನ್ನೇ. ನಮ್ಮ ನಾದಿನಿಯ ಮಗಳಿಗೆ ಬಂದದ್ದು. ಮೂರು ವರ್ಷ ಅದರ ಮೇಲೆ ಶಾಲೆಗೆ ಹೋದಳು. ಹತ್ತನೇ ತರಗತಿ ಮುಗಿದ ಕೂಡಲೇ "ಇನ್ನ ಸಾಕು, ದೊಡ್ಡಾಕಿ ಆದಿ" ಎಂದು ಸೈಕಲ್ ತಮ್ಮನಿಗೆ ಹೋಯಿತು. ಅವನು ಮೋಟಾರ್‌ಸೈಕಲ್ ಕಲಿತ, ಸೈಕಲ್ ಹಾಲಿನ ಕ್ಯಾನು ಹೊತ್ತಿತು, ಕೊನೆಗೆ ದನದ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿತು. ನಾನು ಕೇಳಿ ತಂದೆ. ಮೂವತ್ತೊಂದನೇ ವಯಸ್ಸಿಗೆ, ನಸುಕಿನಲ್ಲಿ, ಜನ ಏಳುವ ಮೊದಲು ಕಲಿತೆ. ಮೊಣಕಾಲಿನ ಕಲೆ ಇನ್ನೂ ಇದೆ. ಆ ಹುಡುಗಿಗೆ ಈಗ ಮದುವೆಯಾಗಿದೆ. ನನ್ನ ಸೈಕಲ್ ಹಂಪಿಗೆ ಹೋಯ್ತಂತೆ ಎಂದು ಫೋನಿನಲ್ಲಿ ನಕ್ಕಳು. "ನನ್ನ ಸೈಕಲ್" ಅಂದಳು, ಅದೇ ನನಗೆ ಖುಷಿ.

ನಮ್ಮನೆಯವರು ಒಂದು ಸಲ ಓದಿ ಹೇಳಿದ ಸಂಗತಿ ಇದು. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಎಂಬಾಕೆ ಮತ್ತು ಆಕೆಯ ಗಂಡ, ಡಾಕ್ಟರ್ ವಿಲಿಯಂ ಹಂಟರ್ ವರ್ಕ್‌ಮನ್, 1897ರ ಕೊನೆಗೆ ಭಾರತದ ಕಡೆ ಪ್ರವಾಸ ಹೊರಟರು. ದೇಶದ ದಕ್ಷಿಣ ತುದಿಯಿಂದ ಹಿಮಾಲಯದ ತನಕ ಸೈಕಲ್ ಮೇಲೆ! ಒಟ್ಟು ಸುಮಾರು 14,000 ಮೈಲಿ. ಇಬ್ಬರಿಗೂ ಒಂದೊಂದು ಸೈಕಲ್. ಆಗ ಆಕೆಗೆ 38 ವರ್ಷ, ಆತನಿಗೆ 50. ನೋಡಬೇಕೆಂದು ಬಂದದ್ದು ನಮ್ಮ ಹಳೆಯ ಗುಡಿಗಳನ್ನು. ಊಟ, ನೀರು ಸಿಗಲಿ ಎಂದು ಆದಷ್ಟು ರೈಲು ಹಳಿಯ ಹತ್ತಿರದ ದಾರಿ ಹಿಡಿದರು, ಎಷ್ಟೋ ರಾತ್ರಿ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಮಲಗಿದರು. ಒಂದೊಂದು ದಿನ ನಲವತ್ತು ಪಂಕ್ಚರ್ ತಿದ್ದಿದ್ದೂ ಉಂಟಂತೆ. 1904ರಲ್ಲಿ ಇಬ್ಬರೂ ಕೂಡಿ ಪುಸ್ತಕ ಬರೆದರು. ಮುಂದೆ ಹಿಮಾಲಯ ಹತ್ತುವ ಕಾಲಕ್ಕೆ ಒಂದು ವರ್ಷ ಆಕೆ ಎಲ್ಲ ಏರ್ಪಾಡು ನೋಡಿಕೊಂಡರೆ ಆತ ಫೋಟೋ ಕೆಲಸ ನೋಡುವುದು, ಮರುವರ್ಷ ಅದಲು ಬದಲು. 1912ರಲ್ಲಿ ಕಾರಾಕೋರಂ ಹಿಮದ ಮೇಲೆ ನಿಂತು ಹೆಂಗಸರಿಗೆ ಓಟಿನ ಹಕ್ಕು ಬೇಕು ಎನ್ನುವ ಪತ್ರಿಕೆ ಹಿಡಿದು ಆಕೆ ಫೋಟೋ ತೆಗೆಸಿಕೊಂಡಳು. ಆಕೆ ಶ್ರೀಮಂತರ ಮಗಳು, ಸಾಮಾನು ಹೊರಲು ಆಳು ಇದ್ದರು. ನಮಗೆ ಇದ್ದದ್ದು ಎರಡು ಕೈಚೀಲ. ಆ ಹೋಲಿಕೆ ಸಾಕು.

ನಲವತ್ತು ಪಂಕ್ಚರ್ ಅಂದಾಗ ನಾನು ನಂಬಿರಲಿಲ್ಲ. ನಮಗೂ ಐದು ಆದವು, ಅದರಲ್ಲಿ ಮೂರು ಜಾಲಿಮುಳ್ಳಿನವು. ಎರೆಭೂಮಿಯ ರಸ್ತೆ ಬದಿ ಜಾಲಿ ಕಡಿದು ಹಾಕಿದ ಕಡೆ ಡಾಂಬರು ಬಿಟ್ಟು ಇಳಿದರೆ ಕೆಟ್ಟೆವು. ಲಾರಿ ಬಂದರೆ ಇಳಿಯದೇ ಗತಿಯಿಲ್ಲ. ಮೂರನೆಯದನ್ನು ನಾನೇ ತಿದ್ದಿದೆ. ಟೈರ್ ಕಳಚಿ, ಟ್ಯೂಬಿಗೆ ಗಾಳಿ ತುಂಬಿ, ಹೋಟೆಲಿನವರ ಬಕೀಟಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಗುರುತು ಮಾಡಿ, ಉಜ್ಜಿ, ಸಲ್ಯೂಷನ್ ಹಚ್ಚಿ ಸ್ವಲ್ಪ ಒಣಗಿಸಿ ಪ್ಯಾಚ್ ಒತ್ತಬೇಕು. ಒಣಗುವ ತನಕ ಕಾಯಬೇಕು, ಅವಸರ ಮಾಡಿದರೆ ನಿಲ್ಲದು. ಟೈರಿನ ಒಳಗೆ ಬೆರಳಾಡಿಸಿ ಮುಳ್ಳಿನ ಮೊನೆ ತೆಗೆಯುವುದನ್ನು ಮರೆಯಬಾರದು. ಹೋಟೆಲಿನ ಅಣ್ಣ ಒಗ್ಗರಣಿ-ಮಿರ್ಚಿಯ ರೊಕ್ಕ ತಗೊಂಡ, ಚಹಾದ್ದು ತಗೊಳ್ಳಲಿಲ್ಲ. "ಪಂಕ್ಚರ್ ತಿದ್ದೋ ಟೀಚರನ್ನ ಇವತ್ತ ನೋಡಿದೆ ನೋಡ್ರಿ" ಅಂದ.

ಹಂಪಿಯನ್ನು ಪ್ರವಾಸದಲ್ಲಿ ನೀವೂ ನೋಡಿದ್ದೀರಿ. ಬಸ್ಸಿನಲ್ಲಿ ಹೋದಾಗ ಗುಡ್ಡಗಳು ಒಮ್ಮೆಲೇ ಬಂದುಬಿಡುತ್ತವೆ. ಸೈಕಲ್ ಮೇಲೆ ಹಾಗಲ್ಲ. ಗಂಗಾವತಿ ದಾಟಿದ ಮೇಲೆ ಒಂದು ಬಂಡೆ, ಆಮೇಲೆ ನಾಲ್ಕು, ಆಮೇಲೆ ಬಂಡೆಯ ರಾಶಿ, ನಡುವೆ ಬಾಳೆ ತೋಟ. ವಿರೂಪಾಕ್ಷನ ಗೋಪುರ ಕಂಡಾಗ ಕಾಲು ನಡುಗುತ್ತಿದ್ದವು, ಆದರೆ ಸೈಕಲ್ಲಿನಿಂದ ಇಳಿಯಲು ಮನಸ್ಸಿಲ್ಲ.

ಹೊರಡುವ ಹಿಂದಿನ ರಾತ್ರಿ ನಮ್ಮ ಅತ್ತೆಯವರು ಮಾತು ಬಿಟ್ಟಿದ್ದರು. ಬಸ್ ಅದಾವ, ಗಾಡಿ ಅದ, ಊರ ಮಂದಿ ಮುಂದ ಮಾನ ಕಳಿಯಾಕ ಹೊಂಟೀರೇನು ಎಂಬುದು ಅವರ ಸಿಟ್ಟು. ಆದರೂ ನಸುಕಿನಲ್ಲಿ ಎದ್ದು ನೋಡಿದರೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದರು. ನಾಲ್ಕನೇ ದಿನ ಸಂಜೆ ಓಣಿಯ ತುದಿಯಲ್ಲಿ ನಾಲ್ಕು ಮಂದಿ ಹೆಂಗಸರ ಜೊತೆ ನಿಂತಿದ್ದರು. ನಾನು ಮುಂದೆ ಇದ್ದೆ. ಅವರು ಏನೂ ಅನ್ನಲಿಲ್ಲ. ಪಕ್ಕದವರಿಗೆ ಮಾತ್ರ, "ನಮ್ಮ ಸೊಸಿ, ಹಂಪಿಗಿ ಹೋಗಿದ್ಲು" ಅಂದರು.

ಮುಂದಿನ ಸಲ ಮಸ್ಕಿ. 1915ರಲ್ಲಿ ಪತ್ತೆಯಾದ ಅಶೋಕನ ಶಾಸನ ಅಲ್ಲಿದೆ. ರಾಜನ ಹೆಸರು "ಅಶೋಕ" ಎಂದೇ ಕೆತ್ತಿರುವ ಕಲ್ಲು ಅದು, ಸಮಾಜ ಪಾಠದಲ್ಲಿ ಓದಿದ್ದೀರಿ. ಬರುವವರು ಮನೆಯವರ ಒಪ್ಪಿಗೆ ಚೀಟಿ ತಂದು ಶನಿವಾರದೊಳಗೆ ನನ್ನ ಹತ್ತಿರ ಹೆಸರು ಬರೆಸಿ. ಹತ್ತನೇ ತರಗತಿಯ ಹುಡುಗಿಯರ ಹೆಸರು ಮೊದಲು ಬರೆದುಕೊಳ್ಳುತ್ತೇನೆ. ಪಂಪು, ಪ್ಯಾಚು ನನ್ನ ಹತ್ತಿರ ಇವೆ.